ಟ್ಯಾಂಕಿನ ಒಳಮೈ

ಬಾಗಿಲಲ್ಲಿ ನಿಂತ ಹುಡುಗನ ಕಂಕುಳಲ್ಲಿ ಟ್ಯಾಂಕು,
ಹಠ ಮಾಡುವ ಕೂಸನ್ನು ಅವುಚಿಕೊಂಡ ಹಾಗೆ.
ಕೆಮ್ನಿಟ್ಸ್‌ನಿಂದ ಬಸ್ಸಿನಲ್ಲಿ ತಂದಿದ್ದ. ಹೆಸರು ಅರ್ವಿಡ್.
"ತಾತನ ಗಾಡಿಯದು. ಮೂರು ಕಿಲೋಮೀಟರಿಗೊಮ್ಮೆ ಕೆಮ್ಮಿ ನಿಲ್ಲುತ್ತೆ,
ಕಾರ್ಬುರೇಟರ್ ನಾಲ್ಕು ಸಲ ಬಿಚ್ಚಿದೆ."

ಕಾರ್ಬುರೇಟರಿನ ತಪ್ಪಲ್ಲ ಮಗು.
ಮುಚ್ಚಳ ತೆಗೆದು ಮೊದಲು ಮೂಸುತ್ತೇನೆ,
ಆಮೇಲೆ ಟಾರ್ಚು, ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿ.
ಒಳಗೆ ಬೆಳ್ಳಗೆ,
ಬಿಸಿಲಿಗೆ ಸುಟ್ಟ ಬೆನ್ನಿನಂತೆ ಸುಲಿದು ನೇತಾಡುವ ಸಿಪ್ಪೆ.
ಬೆಳ್ಳಗಿರುವುದೆಲ್ಲ ಹಾಲಲ್ಲ.
ಯಾರೋ ಯಾವಾಗಲೋ ಡಬ್ಬಿಯಿಂದ ಸುರಿದು
ಅತ್ತ ಇತ್ತ ಹೊರಳಿಸಿ ಮರೆತುಬಿಟ್ಟ ಲೇಪ.
ಈಗಿನ ಪೆಟ್ರೋಲಿನಲ್ಲಿ ಮದ್ಯಸಾರ ಬೆರೆಸುತ್ತಾರಲ್ಲ,
ಅದು ಕುಡಿಸಿ ಕುಡಿಸಿ
ಬಾಯಿ ಬಿಡಿಸಿದೆ.

ಹತ್ತಿ ಸುತ್ತಿದ ಕಡ್ಡಿಯನ್ನು ಅಸಿಟೋನಿನಲ್ಲಿ ಅದ್ದಿ
ಒಳಗೋಡೆಗೆ ಒತ್ತಿ ಇಪ್ಪತ್ತು ಎಣಿಸಿದೆ.
ಅಂಟಿದರೆ ನಾಳೆಗೆ ಕೆಲಸ ಮುಗಿಯಿತು.
ಅಂಟದಿದ್ದರೆ ಆ ವಾರ ಅದರದ್ದೇ.
ಅಂಟಿತು. ಎರಡು ಲೀಟರ್ ಹುಯ್ದು, ಕಿಟಕಿ ತೆರೆದು,
ಹೊರಗೆ ಕೂತು ಕಾಫಿ ಕುಡಿದೆ.
ಸಂಜೆಗೆ ಬಕೆಟ್ಟಿಗೆ ಬಿದ್ದದ್ದು
ಒಡೆದ ಹಾಲಿನ ಗಸಿ.

ಅದರ ಕೆಳಗೆ ಕೆಂಪು.
ಅದೂ ಕರಗಿತು, ಆದರೆ ಎರಡು ದಿನ ಸತಾಯಿಸಿ.

ಕೆಂಪಿನ ಕೆಳಗೆ ಜೇನಿನ ಬಣ್ಣದ್ದೊಂದು,
ಗಾಜಿನಷ್ಟು ಗಟ್ಟಿ. ಕಡ್ಡಿ ಇಟ್ಟರೆ
ಒದ್ದೆಯಾಯಿತು, ಒಣಗಿತು, ನನ್ನನ್ನೇ ನೋಡಿತು.
ಇದನ್ನು ಎಬ್ಬಿಸುತ್ತಿದ್ದ ಹಳೆಯ ವಿಷ
ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಗದಿರುವುದೇ ಸರಿ,
ನನ್ನ ಜೊತೆಗಿದ್ದ ಇಬ್ಬರ ಶ್ವಾಸಕೋಶ ಕೇಳಿದ್ದರೆ ಹೇಳುತ್ತಿತ್ತು.
ಈಗಿನದು ಸಾಧು. ಒಂಬತ್ತು ದಿನ ನೆನೆಸಿದೆ.
ಆಮೇಲೆ ಒಳಗೆ ಎರಡು ಮೀಟರ್ ಸರಪಳಿ, ಒಂದು ಹಿಡಿ ನಟ್ಟು,
ಟ್ಯಾಂಕಿಗೆ ಕಂಬಳಿ ಹೊದಿಸಿ
ಪಕ್ಕದ ಮನೆಯ ಎಗ್ಬರ್ಟನ ಕಾಂಕ್ರೀಟ್ ಮಿಕ್ಸರಿಗೆ ಕಟ್ಟಿದೆ.
ಶನಿವಾರವೆಲ್ಲ ಗಡಗಡ.
"ರೋಸ್ವಿತಾ, ನಾಳೆ ಭಾನುವಾರ!" ಎಂದು ಬೇಲಿಯಾಚೆಯಿಂದ ಕೂಗಿದ.
ಗೊತ್ತಪ್ಪ, ಭಾನುವಾರ ಈ ಊರಲ್ಲಿ
ಸುತ್ತಿಗೆ ಕೂಡ ಪಿಸುಗುಟ್ಟಬೇಕು.

ಸೋಮವಾರ ಕನ್ನಡಿ ಇಳಿಸಿದೆ.
ತಗಡು. ಬರೀ ತಗಡು, ಬೂದು, ಸ್ವಚ್ಛ.
ಇಷ್ಟೆಲ್ಲ ಬಳಿದದ್ದು ಯಾವ ತುಕ್ಕಿಗೆ?
ತುಕ್ಕಿರಲಿಲ್ಲ.
ನಲ್ಲಿ ಕೂರುವ ಜಾಗದ ಸುತ್ತ ಹಿತ್ತಾಳೆಯ ಬೆಸುಗೆ,
ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು.
ಪೊರೆ ಎಲ್ಲರದೂ ಬಲಕ್ಕೆ ಬಾಗುತ್ತದೆ.
ಇದು ಎಡಕ್ಕೆ.

ಆ ಸಾಲಿನಲ್ಲಿ ಎಡಗೈಯವಳು ನಾನೊಬ್ಬಳೇ.

ಇಪ್ಪತ್ನಾಲ್ಕು ವಯಸ್ಸು. ನದಿ ಹೆಪ್ಪುಗಟ್ಟಿದ ಚಳಿಗಾಲ,
ಕರೆಂಟು ಬರುತ್ತಿತ್ತು, ಹೋಗುತ್ತಿತ್ತು,
ಕತ್ತಲಲ್ಲಿ ಬೆಂಕಿಯ ನಾಲಗೆಯೊಂದೇ ದೀಪ.
ಅದೊಂದು ನೆಪವೂ ಇರಬಹುದು.
ಉಂಗುರ ಮುಗಿಯುವ ಕಡೆ, ಕೊನೆಯ ಪೊರೆ ಕೂರದ ಕಡೆ
ಸೂಜಿಮೊನೆಯಷ್ಟು ಬೆಳಕು.
ಅಲ್ಲಿಂದ ಹನಿ ಹನಿಯಾಗಿ ಅವನ ತಾತನ ಪೆಟ್ರೋಲು
ಇಷ್ಟು ವರ್ಷ.
ಒಬ್ಬರಾದ ಮೇಲೊಬ್ಬರು ಮೂರು ಬಣ್ಣ ಸುರಿದು
ನನ್ನ ಒಂದು ಕ್ಷಣವನ್ನು ಮುಚ್ಚಿದ್ದರು.

ತೊಳೆದೆ, ಮತ್ತೆ ತೊಳೆದೆ, ಆರ್ಗಾನ್ ತುಂಬಿಸಿ
ಮುಚ್ಚಿದೆ ಆ ಚುಕ್ಕೆಯನ್ನು, ಎಡಗೈಯಲ್ಲೇ.
ರಾತ್ರಿ ಪೆಟ್ರೋಲು ತುಂಬಿಸಿ ಅಂಗಳದಲ್ಲಿ
ಹಳೆಯ ಪೇಪರಿನ ಮೇಲಿಟ್ಟೆ.
ನಿದ್ದೆ ಬರಲಿಲ್ಲ. ಎರಡು ಸಲ ಎದ್ದು ಹೋಗಿ
ಕ್ರೀಡಾಪುಟವನ್ನು ಬೆರಳಲ್ಲಿ ಮುಟ್ಟಿ ನೋಡಿದೆ.

ಒಣಗಿತ್ತು.

ಹುಡುಗ ಬಿಲ್ಲು ನೋಡಿದ. "ಬೆಸುಗೆಗೆ ದುಡ್ಡು ಬರೆದಿಲ್ಲವಲ್ಲ?"
"ಗ್ಯಾರಂಟಿ ಮುಗಿದಿಲ್ಲ," ಅಂದೆ.
ನಕ್ಕ. ಮುದುಕಿಯ ತಮಾಷೆ ಅಂದುಕೊಂಡಿರಬೇಕು.
"ಹೊಸ ಲೇಪ ಹಾಕೋದಿಲ್ವಾ ಒಳಗೆ?"
ಬೇಡ.
ಚಳಿಗಾಲದಲ್ಲಿ ಮಾತ್ರ ತುಂಬಿಸಿಡು, ಅಂಚಿನ ತನಕ.